ಅಣ್ಣನಿಗೆ 24, ತಮ್ಮನಿಗೆ 41: ಸೀಸದ ವಿಷಯದಲ್ಲಿ ತಪ್ಪು ಯಾರ ರಕ್ತದ್ದು?

ಪ್ರಶ್ನೆ: ನಾನು ಮತ್ತು ನನ್ನ ಅಣ್ಣ ಕಾರವಾರದಲ್ಲಿ ಹೆದ್ದಾರಿ ಪಕ್ಕದ ಬ್ಯಾಟರಿ ಅಂಗಡಿಯಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇವೆ. ಲಾರಿ, ಬೋಟು, ಮನೆ ಇನ್ವರ್ಟರ್, ಎಲ್ಲ ಬ್ಯಾಟರಿ ರಿಪೇರಿಯೂ ಉಂಟು. ಈ ಮಳೆಗಾಲದಲ್ಲಿ ಅಣ್ಣನಿಗೆ ಹೊಟ್ಟೆನೋವು, ಮಲಬದ್ಧತೆ ಶುರುವಾಯಿತು. ಐದು ವಾರ ಅಂಕೋಲಾದ ಮನೆಯಲ್ಲೇ ಇದ್ದ. ಕಡಿಮೆಯಾಗದೆ ಡಾಕ್ಟರಿಗೆ ತೋರಿಸಿದಾಗ ರಕ್ತದಲ್ಲಿ ಸೀಸ 24, ಹಿಮೋಗ್ಲೋಬಿನ್ 9.8 ಅಂತ ಬಂತು. ಹೆದರಿ ನಾನೂ ಪರೀಕ್ಷೆ ಮಾಡಿಸಿದೆ. ನನಗೆ 41! ಆದರೆ ನನಗೆ ಯಾವ ತೊಂದರೆಯೂ ಇಲ್ಲ. ಮಾಲೀಕರು, "ನಿನ್ನ ಅಣ್ಣನ ಮೈಗೆ ಸೀಸ ಆಗಿಬರೋದಿಲ್ಲ, ನಿಂದು ಗಟ್ಟಿ ರಕ್ತ. ಅವನು ಬೇರೆ ಕೆಲಸ ನೋಡ್ಕೊಳ್ಲಿ" ಅನ್ನುತ್ತಿದ್ದಾರೆ. ಇದೆಲ್ಲ ಜೀನ್ ಮೇಲೆ ಹೋಗುತ್ತದೆ ಅಂತ ಮೊಬೈಲಿನಲ್ಲಿ ಓದಿದೆ. ಒಂದೇ ತಾಯಿ ಮಕ್ಕಳಿಗೆ ಹೀಗೆ ಬೇರೆ ಬೇರೆ ಆಗುತ್ತದಾ? ಜೀನ್ ಪರೀಕ್ಷೆ ಮಾಡಿಸಬೇಕಾ? ಮನೆಯಲ್ಲಿ ಮೂರು ವರ್ಷದ ಮಗಳಿದ್ದಾಳೆ. ಹೆಂಡತಿಗೆ ಈಗ ನಾಲ್ಕು ತಿಂಗಳು.

ಉತ್ತರ: ನಿಮ್ಮ ಪತ್ರದಲ್ಲಿ ನೀವು ಸುಮ್ನೆ ಹೇಳಿಕೊಂಡು ಹೋದ ಒಂದು ಮಾತಿದೆ. ಅಣ್ಣ ಐದು ವಾರ ಮನೆಯಲ್ಲಿದ್ದ ಅಂದಿರಲ್ಲ, ಅದು. ಜೀನ್ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಈ ಐದು ವಾರದ ಲೆಕ್ಕ ನೋಡಿ.

ದೊಡ್ಡವರ ರಕ್ತದಲ್ಲಿ ಸೇರಿದ ಸೀಸ ಸುಮಾರು ಒಂದು ತಿಂಗಳಿಗೆ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಅಣ್ಣನ 24 (ಒಂದು ಡೆಸಿಲೀಟರ್, ಅಂದರೆ ನೂರು ಎಂಎಲ್ ರಕ್ತದಲ್ಲಿ ಇಷ್ಟು ಮೈಕ್ರೋಗ್ರಾಂ ಸೀಸ) ಅನ್ನೋದು ಅಂಗಡಿ ಬಿಟ್ಟು ಐದು ವಾರ ಕಳೆದ ಮೇಲಿನ ಅಂಕಿ. ಹೊಟ್ಟೆ ಹಿಡಿದುಕೊಂಡು ಮನೆಗೆ ಹೋದ ದಿನ ಅದು 35 ಇತ್ತೋ, 45 ಇತ್ತೋ, ಈಗ ಯಾರೂ ಹೇಳಲಾರರು. ಲೆಕ್ಕ ಇಷ್ಟು ಸಲೀಸೂ ಅಲ್ಲ. ವರ್ಷಗಟ್ಟಲೆ ಸೀಸದಲ್ಲಿ ಕೆಲಸ ಮಾಡಿದವರ ಮೈಯಲ್ಲಿರುವ ಸೀಸದಲ್ಲಿ ನೂರಕ್ಕೆ 90ಕ್ಕಿಂತ ಜಾಸ್ತಿ ಮೂಳೆಯಲ್ಲಿ ಕೂತಿರುತ್ತದೆ. ಅಲ್ಲಿ ಅದು ಹತ್ತಾರು ವರ್ಷ ಇರುತ್ತದೆ, ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ವಾಪಸ್ ಬರುತ್ತಿರುತ್ತದೆ. ಹಾಗಾಗಿ ರಜೆ ಹಾಕಿದ ಕೂಡಲೇ ಅಂಕಿ ನೆಟ್ಟಗೆ ಕೆಳಗೆ ಬೀಳುವುದಿಲ್ಲ. ಆದರೂ ಇಳಿಯುತ್ತದೆ ಅನ್ನೋದು ಖಂಡಿತ. ನಿಮ್ಮ 41 ಕೆಲಸದ ನಡುವೆ ತೆಗೆದದ್ದು. ಅವರ 24 ಬಿಡುವಿನಲ್ಲಿ ತೆಗೆದದ್ದು. ಕಾಳಿ ನದಿಯ ನೀರನ್ನು ಒಂದು ಸಲ ಭರತಿಯಲ್ಲಿ, ಇನ್ನೊಂದು ಸಲ ಇಳಿತದಲ್ಲಿ ಅಳೆದು ಹೋಲಿಸಿದ ಹಾಗಾಯಿತು. ನಿಮ್ಮ ಮಾಲೀಕರು ಇಬ್ಬರ ರಕ್ತಕ್ಕೂ ಸರ್ಟಿಫಿಕೇಟ್ ಕೊಟ್ಟದ್ದು ಇದರ ಮೇಲೆ.

ಎರಡನೆಯದು, ಅಂಗಡಿ. "ಒಂದೇ ಕೆಲಸ" ಅಂತ ನೀವು ಬರೆದಿಲ್ಲ, "ಒಂದೇ ಅಂಗಡಿ" ಅಂತಷ್ಟೇ ಬರೆದಿದ್ದೀರಿ. ಇವೆರಡಕ್ಕೂ ಬಹಳ ವ್ಯತ್ಯಾಸ. ಹಳೇ ಬ್ಯಾಟರಿಯ ಮುಚ್ಚಳ ಕೊಯ್ದು ಪ್ಲೇಟ್ ಹೊರಗೆ ಎಳೆಯುವವರು ಯಾರು? ಟರ್ಮಿನಲ್ ಕಿತ್ತು ಹೋದಾಗ ಸೀಸ ಕರಗಿಸಿ ಹೊಸದು ಹುಯ್ಯುವವರು ಯಾರು? ನೀರು ತುಂಬಿ ಚಾರ್ಜಿಗೆ ಹಚ್ಚುವವರು, ಗಿರಾಕಿ ಮನೆಗೆ ಇನ್ವರ್ಟರ್ ಜೋಡಿಸಲು ಹೋಗುವವರು ಯಾರು? ಚಾರ್ಜಿಂಗ್ ಹತ್ತಿರ ಮೂಗಿಗೆ ಖಾರ ಹೊಡೆಯುತ್ತದಲ್ಲ, ಅದು ಆಸಿಡ್. ಅದಕ್ಕೆ ಎಲ್ಲರೂ ಹೆದರುತ್ತಾರೆ. ಸೀಸಕ್ಕೆ ವಾಸನೆಯೇ ಇಲ್ಲ. ಅದು ಇರುವುದು ಪ್ಲೇಟಿನಿಂದ ಉದುರುವ ಕಂದು, ಬೂದು ಬಣ್ಣದ ಪುಡಿಯಲ್ಲಿ. ಡಬ್ಬಿಯ ತಳದ ಮಡ್ಡಿಯಲ್ಲಿ. ಆ ಮಡ್ಡಿ ಹಸಿ ಇದ್ದಾಗ ಗಾಳಿಗೆ ಏಳುವುದಿಲ್ಲ. ನೆಲದಲ್ಲಿ ಚೆಲ್ಲಿ, ಒಣಗಿ, ಸಂಜೆ ಯಾರೋ ಕಡ್ಡಿ ಪೊರಕೆಯಲ್ಲಿ ಗುಡಿಸುತ್ತಾರಲ್ಲ, ಆಗ ಅದು ಎದ್ದು ಮೂಗಿಗೆ ಬರುತ್ತದೆ. ನನ್ನ ಅನುಭವದಲ್ಲಿ ಇಂಥ ಅಂಗಡಿಗಳಲ್ಲಿ ಕಸ ಗುಡಿಸುವ ಹುಡುಗನ ಅಂಕಿ ಎಷ್ಟೋ ಸಲ ಮೇಸ್ತ್ರಿಯದ್ದಕ್ಕಿಂತ ಜಾಸ್ತಿ ಇರುತ್ತದೆ.

ಸೀಸ ಕರಗುವುದು 327 ಡಿಗ್ರಿಗೆ. ಅಷ್ಟಕ್ಕೇ ನಿಲ್ಲಿಸಿದರೆ ಹೊಗೆ ಕಡಿಮೆ. ಗ್ಯಾಸ್ ಟಾರ್ಚ್ ನೇರ ಹಿಡಿದು ಕೆಂಪಗೆ ಕಾಯಿಸಿದರೆ ಹೊಗೆ ಬರುತ್ತದೆ. ಆ ಹೊಗೆಯ ಕಣ ಎಷ್ಟು ಸಣ್ಣದೆಂದರೆ ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ಆಳಕ್ಕೆ ಹೋದದ್ದು ಹೆಚ್ಚುಕಮ್ಮಿ ಪೂರ್ತಿ ರಕ್ತ ಸೇರುತ್ತದೆ. ಹೊಟ್ಟೆಗೆ ಹೋದ ಸೀಸ ಮಾತ್ರ ದೊಡ್ಡವರಲ್ಲಿ ನೂರಕ್ಕೆ ಹತ್ತರ ಆಸುಪಾಸು ರಕ್ತ ಸೇರುತ್ತದೆ. ಖಾಲಿ ಹೊಟ್ಟೆಯಿದ್ದರೆ ಅದರ ಹಲವು ಪಟ್ಟು. ಬೆಳಿಗ್ಗೆ ಬರೀ ಚಾ ಕುಡಿದು ಕೆಲಸಕ್ಕೆ ಇಳಿಯುವವರು ಇದನ್ನು ಗಮನಿಸಬೇಕು.

ಆಮೇಲೆ ಕವಳ. ನಮ್ಮ ಕಡೆಯವರಿಗೆ ಇದನ್ನು ಕೇಳಲೇಬೇಕು. ನಿಮ್ಮಿಬ್ಬರಲ್ಲಿ ಕವಳ ಹಾಕುವವರು ಯಾರು? ಎಡಗೈಯಲ್ಲಿ ಎಲೆ, ಬಲಗೈ ತೋರುಬೆರಳಲ್ಲಿ ಸುಣ್ಣ, ಎಲೆಯ ಬೆನ್ನಿಗೆ ಉಜ್ಜಿ, ಮಡಚಿ, ಅದೇ ಬೆರಳಲ್ಲಿ ದವಡೆಗೆ ಒತ್ತುವುದು. ಪ್ಲೇಟ್ ಹಿಡಿದ ಬೆರಳು ಅದು. ದಿನಕ್ಕೆ ಹತ್ತು ಕವಳ ಅಂದರೆ ಹತ್ತು ಸಲ ಸೀಸ ಬಾಯಿಗೆ ಇಟ್ಟುಕೊಂಡ ಹಾಗೆ. ಬೀಡಿ, ಗುಟ್ಕಾ ಕತೆಯೂ ಅದೇ.

ಇದನ್ನು ಹೇಳುವಾಗ ನನಗೆ ನನ್ನ ಚಿಕ್ಕಪ್ಪನ ನೆನಪಾಗುತ್ತದೆ. ಬೇಲೆಕೇರಿ ಕಡೆ ಹೊಳೆಬಾಯಲ್ಲಿ ಬೀಸುಬಲೆ ಹಾಕುತ್ತಿದ್ದರು. ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡನ್ನು ಮನೆಯ ಹಿಂದಿನ ಒಲೆಯಲ್ಲೇ ಕರಗಿಸಿ ಹುಯ್ಯುತ್ತಿದ್ದರು. ದಾರಕ್ಕೆ ಬಿಗಿ ಮಾಡಲು ಇಕ್ಕುಳ ಹುಡುಕುವ ತಾಳ್ಮೆ ಅವರಿಗಿರಲಿಲ್ಲ, ಹಲ್ಲಲ್ಲೇ ಕಚ್ಚುತ್ತಿದ್ದರು. ಒಂದು ಬಲೆಗೆ ನೂರಾರು ಗುಂಡು. ನಾವು ಮಕ್ಕಳು ತಣಿದ ಗುಂಡನ್ನು ಗೋಲಿಯ ಹಾಗೆ ಆಡುತ್ತಿದ್ದೆವು. ನನಗೂ ಆಗ ಅಂಕಿ ತೆಗೆದಿದ್ದರೆ ಏನು ಬರುತ್ತಿತ್ತೋ!

ಈಗ ಜೀನ್ ಮಾತು. ನೀವು ಓದಿದ್ದು ಸುಳ್ಳಲ್ಲ. ರಕ್ತದ ಕೆಂಪು ಬಣ್ಣಕ್ಕೆ ಬೇಕಾದ ಹೀಮ್ ಅನ್ನುವ ವಸ್ತು ಮೈಯಲ್ಲಿ ಎಂಟು ಹಂತದಲ್ಲಿ ತಯಾರಾಗುತ್ತದೆ. ಎರಡನೇ ಹಂತದ ಕೆಲಸ ಮಾಡುವ ಕಿಣ್ವದ ಹೆಸರು ಅಲಾಡ್. ಅದಕ್ಕೆ ಸತು ಬೇಕು. ಸೀಸ ಬಂದು ಸತುವನ್ನು ಎಬ್ಬಿಸಿ ಆ ಜಾಗದಲ್ಲಿ ತಾನು ಕೂರುತ್ತದೆ. ಕೆಲಸ ನಿಲ್ಲುತ್ತದೆ. ಆ ಹಂತಕ್ಕೆ ಬಂದ ಕಚ್ಚಾ ಮಾಲು ಮುಂದೆ ಹೋಗದೆ ರಕ್ತದಲ್ಲಿ ಜಮೆಯಾಗುತ್ತದೆ. ನಿಮ್ಮಣ್ಣನ ಹಾಗೆ ಕರುಳು ಹಿಂಡಿದಂಥ ನೋವು, ಮಲಬದ್ಧತೆ ಬರುವುದರಲ್ಲಿ ಇದರ ಪಾಲೂ ಇದೆ ಅಂತ ನಂಬಲು ಒಳ್ಳೆಯ ಕಾರಣವಿದೆ. ಹುಟ್ಟಿನಿಂದಲೇ ಅಲಾಡ್ ಕೈಕೊಟ್ಟ ಒಂದು ಬಹಳ ಅಪರೂಪದ ಕಾಯಿಲೆ ಇದೆ. ಅಂಥವರಿಗೆ ಸೀಸ ಸೋಕದಿದ್ದರೂ ಹೀಗೇ ಹೊಟ್ಟೆನೋವು ಬರುತ್ತದೆ.

ಈ ಅಲಾಡ್ ಕಿಣ್ವದ ಜೀನ್ 9ನೇ ಕ್ರೋಮೋಸೋಮಿನಲ್ಲಿದೆ. ಅದರಲ್ಲಿ ಎರಡು ಬಗೆ, ಅಲಾಡ್-1 ಮತ್ತು ಅಲಾಡ್-2. ವ್ಯತ್ಯಾಸ ಒಂದೇ ಒಂದು ಅಕ್ಷರದ್ದು. ಆದರೆ ಅಷ್ಟರಿಂದಲೇ ಅಲಾಡ್-2 ಸೀಸವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಯುರೋಪ್ ಮೂಲದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಅಲಾಡ್-2 ಇರುತ್ತದೆ. ಚೀನಾ, ಕೊರಿಯಾಗಳಲ್ಲಿ ನೋಡಿದಾಗ ಇದಕ್ಕಿಂತ ಕಡಿಮೆ ಸಿಕ್ಕಿದೆ. ಒಡಹುಟ್ಟಿದವರು ಅಂದಮಾತ್ರಕ್ಕೆ ಎಲ್ಲ ಜೀನೂ ಒಂದೇ ಅಲ್ಲ. ಸರಾಸರಿ ಅರ್ಧ ಮಾತ್ರ ಹೊಂದುತ್ತದೆ. ತಂದೆಗೋ ತಾಯಿಗೋ ಅಲಾಡ್-2ರ ಒಂದು ಪ್ರತಿ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ ನಿಮಗೆ ಬಂದು ಅಣ್ಣನಿಗೆ ಬಾರದೇ ಇರಬಹುದು. ಉಲ್ಟಾ ಕೂಡ ಆಗಬಹುದು.

ಹಾಗಾದರೆ ಅಲಾಡ್-2 ಇದ್ದವರಿಗೆ ಅಪಾಯ ಜಾಸ್ತಿಯಾ? ಇಲ್ಲೇ ಒಂದು ತಿರುವು ಇದೆ. 1991ರಲ್ಲಿ ಜರ್ಮನಿಯ ಸೀಸದ ಕೆಲಸಗಾರರು ಮತ್ತು ನ್ಯೂಯಾರ್ಕಿನ ಮಕ್ಕಳ ರಕ್ತ ನೋಡಿದಾಗ, ಅಲಾಡ್-2 ಇದ್ದವರ ಅಂಕಿ ಉಳಿದವರಿಗಿಂತ 9ರಿಂದ 11 ಮೈಕ್ರೋಗ್ರಾಂ ಮೇಲಿತ್ತು. ಎಲ್ಲರೂ ಬೆಚ್ಚಿದರು. ಆಮೇಲೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿದಾಗ ಕೆಲಸಗಾರರಲ್ಲಿ ಆ ಅಂತರ ಸುಮಾರು 2ಕ್ಕೆ ಇಳಿಯಿತು. ಅದಕ್ಕಿಂತ ವಿಚಿತ್ರ ಅಂದರೆ, ಅಲಾಡ್-2 ಇದ್ದವರ ರಕ್ತದಲ್ಲಿ ಸೀಸ ಜಾಸ್ತಿ ಕಂಡರೂ ಹೀಮ್ ತಯಾರಿಕೆ ಕೆಡುವುದು ಕಡಿಮೆ ಅಂತ ಕೆಲವು ಕಡೆ ಕಂಡಿತು.

ಯಾಕೆ ಅಂದರೆ, ರಕ್ತದ ಸೀಸದಲ್ಲಿ ನೂರಕ್ಕೆ 99 ಭಾಗ ಕೆಂಪು ರಕ್ತಕಣಗಳಲ್ಲೇ ಸಿಕ್ಕಿಕೊಂಡಿರುತ್ತದೆ. ಮಿದುಳು, ಕಿಡ್ನಿ, ಮೂಳೆಗೆ ಹೋಗುವುದು ಬಿಡಿಯಾಗಿ ಓಡಾಡುವ ಉಳಿದ ಆ ಒಂದು ಭಾಗ. ಅಲಾಡ್-2 ಕಣ್ಣು ಸಣ್ಣದಿರುವ ಬಲೆ ಅಂದುಕೊಳ್ಳಿ. ಜಾಸ್ತಿ ಹಿಡಿಯುತ್ತದೆ. ನಾವು ಎಣಿಸುವುದು ಬಲೆಗೆ ಬಿದ್ದ ಮೀನನ್ನು. ಹೊರಗೆ ಈಜುತ್ತಿರುವುದು ಎಷ್ಟು ಅನ್ನೋದನ್ನು ಆ ಎಣಿಕೆ ನೇರವಾಗಿ ಹೇಳುವುದಿಲ್ಲ. ಹಾಗಂತ ಅಲಾಡ್-2 ಒಂದು ರಕ್ಷಾಕವಚ ಅಂತ ತಿಳಿಯಬೇಡಿ. ಕಿಡ್ನಿ ವಿಷಯದಲ್ಲಿ ಅದೇ ಬಗೆಯವರಿಗೆ ಸ್ವಲ್ಪ ಕೆಡುಕೇ ಕಂಡ ಅಧ್ಯಯನಗಳೂ ಇವೆ. ವಿಟಮಿನ್ ಡಿ ಕೆಲಸಕ್ಕೆ ಸಂಬಂಧಿಸಿದ ಜೀನ್, ಕಬ್ಬಿಣ ಹೀರುವುದಕ್ಕೆ ಸಂಬಂಧಿಸಿದ ಜೀನ್, ಇವನ್ನೂ ನೋಡಿದ್ದಾರೆ. ಒಂದು ಕಡೆ ಹೌದು, ಇನ್ನೊಂದು ಕಡೆ ಇಲ್ಲ. ಅದರಲ್ಲಿ ನಿಮ್ಮ ಸಮಯ ಹಾಳು ಮಾಡುವುದಿಲ್ಲ.

ನಾನು ಸೀಸದ ಕೆಲಸಗಾರರಿಗೆ ಜೀನ್ ಪರೀಕ್ಷೆ ಬರೆದುಕೊಟ್ಟದ್ದೇ ಇಲ್ಲ. ಅಲಾಡ್-2 ಇದೆ ಅಂತ ಬಂದರೂ ಇಲ್ಲ ಅಂತ ಬಂದರೂ ನಾನು ಬರೆಯುವ ಚೀಟಿ ಒಂದೇ ಆಗಿರುತ್ತದೆ. ಆ ದುಡ್ಡಿನಲ್ಲಿ ಇನ್ನೆರಡು ಸಲ ಸೀಸದ ಪರೀಕ್ಷೆ ಮಾಡಿಸಿ.

ನಿಮ್ಮಣ್ಣನ ವಿಷಯದಲ್ಲಿ ಜೀನ್‌ಗಿಂತ ನನಗೆ ಜಾಸ್ತಿ ಚಿಂತೆ ಹಿಮೋಗ್ಲೋಬಿನ್‌ನ ಆ 9.8. ಸೀಸದಿಂದ ರಕ್ತಹೀನತೆ ಬರುತ್ತದೆ, ನಿಜ. ಆದರೆ ಅದು ಸಾಮಾನ್ಯವಾಗಿ ಅಂಕಿ 50 ದಾಟಿದ ಮೇಲಿನ ಮಾತು. ಅವರಿಗೆ ಮೊದಲೇ ಕಬ್ಬಿಣಾಂಶ ಕಡಿಮೆ ಇದ್ದಿರಬಹುದು. ಮೂಲವ್ಯಾಧಿ, ಹೊಟ್ಟೆಹುಣ್ಣು, ಕೊಕ್ಕೆಹುಳ ಯಾವುದೂ ಆಗಬಹುದು. ಕರುಳಿನಲ್ಲಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳುವ ಬಾಗಿಲು ಸೀಸವನ್ನೂ ಎಳೆದುಕೊಳ್ಳುತ್ತದೆ. ಮೈಯಲ್ಲಿ ಕಬ್ಬಿಣ ಕಡಿಮೆಯಾದರೆ ಆ ಬಾಗಿಲು ಇನ್ನಷ್ಟು ತೆರೆಯುತ್ತದೆ. ಕ್ಯಾಲ್ಸಿಯಂ ಕೊರತೆ ಇದ್ದರೂ ಸೀಸ ಜಾಸ್ತಿ ಒಳಗೆ ಹೋಗುತ್ತದೆ. "ಅವನ ಮೈಗೆ ಆಗಿಬರೋದಿಲ್ಲ" ಅನ್ನೋದರ ಹಿಂದೆ ಇರುವುದು ಇಷ್ಟೇ ಆಗಿರಬಹುದು. ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿದೆ ಅಂತ ತೋರಿಸುವ) ಪರೀಕ್ಷೆ, ಮಲ ಪರೀಕ್ಷೆ ಮಾಡಿಸಿ. ಇದಕ್ಕೆ ಮದ್ದಿದೆ.

ಇನ್ನೊಂದನ್ನು ಸಂಕೋಚವಿಲ್ಲದೆ ಅಣ್ಣನನ್ನು ಕೇಳಿ. ಹೊಟ್ಟೆನೋವಿಗೆ ಗಾಂವಟಿ ಮದ್ದು ಏನಾದರೂ ತಗೊಂಡಿದ್ದಾರಾ? ಗಿಡಮೂಲಿಕೆ ಕಷಾಯದ ಬಗ್ಗೆ ನನ್ನ ತಕರಾರಿಲ್ಲ. ಭಸ್ಮ ಇದ್ದರೆ ಮಾತ್ರ ಹೇಳಿ. ನಾಗಭಸ್ಮ ಅಂದರೆ ಸೀಸವೇ.

ಈಗ ನಿಮ್ಮ ಸರದಿ. ಗಟ್ಟಿ ರಕ್ತದವರು ನೀವೇ ಅಲ್ವಾ? ಕೆಲಸದಿಂದ ಈಗಲೇ ಸರಿಯಬೇಕಾದವರು ನೀವೇ. ಅಮೆರಿಕದ 1978ರ ಹಳೇ ನಿಯಮದಲ್ಲಿ ಕೆಲಸಗಾರನ ಅಂಕಿ 60 ಮುಟ್ಟಿದರೆ ಸೀಸದ ಕೆಲಸದಿಂದ ತೆಗೆಯಬೇಕಿತ್ತು, 40ಕ್ಕಿಂತ ಕೆಳಗೆ ಇಳಿದ ಮೇಲೇ ವಾಪಸ್ ಕರೆಯಬೇಕಿತ್ತು. ಸಡಿಲವಾದ ಆ ನಿಯಮದಲ್ಲೂ ನಿಮ್ಮ 41 ವಾಪಸ್ ಬರುವ ಗೆರೆಯ ಮೇಲಿದೆ. ಈಗ ಔದ್ಯೋಗಿಕ ಆರೋಗ್ಯದ ವೈದ್ಯರು ಹೇಳುವುದು ಇನ್ನೂ ಬಿಗಿ. ಒಂದು ಸಲ 30 ದಾಟಿದರೆ, ಅಥವಾ ನಾಲ್ಕು ವಾರದ ಅಂತರದಲ್ಲಿ ಎರಡು ಸಲ 20 ಅಥವಾ ಮೇಲೆ ಬಂದರೆ ಸೀಸದಿಂದ ದೂರ ಇಡಿ ಅಂತ. ಆ ಲೆಕ್ಕದಲ್ಲಿ ನೀವು ಆಗಲೇ ಗೆರೆ ದಾಟಿದ್ದೀರಿ, ಅಣ್ಣನಿಗೆ ಇನ್ನೊಂದು ಸಲ 20 ಅಥವಾ ಮೇಲೆ ಬಂದರೆ ಇಬ್ಬರೂ ಒಂದೇ ದೋಣಿಯಲ್ಲಿ. ಏನೂ ಆಗಿಲ್ಲ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಬಿಪಿ ಏರುವುದು, ಕಿಡ್ನಿ ಸವೆಯುವುದು ನೋವು ಕೊಟ್ಟು ಬರುವುದಿಲ್ಲ. ಒಮ್ಮೆ ಬಿಪಿ ನೋಡಿಸಿ. ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ.

ಮಾಲೀಕರ ಮಾತಿಗೆ ಒಂದು ಹಳೇ ಇತಿಹಾಸವಿದೆ. ಕುಂಬಾರಿಕೆ ಕೆಲಸದವರಲ್ಲಿ ಎಲ್ಲರೂ ಶ್ವಾಸದ ಕಾಯಿಲೆಯಿಂದ ಸಾಯುವುದಿಲ್ಲ, ಯಾರ ಮೈಗೆ ಆಗದೋ ಅವರನ್ನು ಮೊದಲೇ ಗುರುತಿಸಿ ದೂರ ಇಡಬಹುದಲ್ಲ ಅಂತ 1938ರಲ್ಲೇ ಜೆ.ಬಿ.ಎಸ್. ಹಾಲ್ಡೇನ್ ಬರೆದಿದ್ದರು. ಆಮೇಲೆ ಭಾರತಕ್ಕೆ ಬಂದು, ಇಲ್ಲಿನ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಇವರೇ. ಅವರ ಉದ್ದೇಶ ಒಳ್ಳೆಯದಿತ್ತು. ಆದರೆ ಇಂಥ ಯೋಚನೆ ಮಾಲೀಕರ ಕೈಗೆ ಸಿಕ್ಕಾಗ ಏನಾಗುತ್ತದೆ ನೋಡಿ. 1982ರಲ್ಲಿ ಅಮೆರಿಕದ ಬ್ಯಾಟರಿ ಕಂಪನಿ ಜಾನ್ಸನ್ ಕಂಟ್ರೋಲ್ಸ್ ಒಂದು ನಿಯಮ ಮಾಡಿತು. ಸೀಸ ಗರ್ಭಕ್ಕೆ ಕೆಟ್ಟದ್ದು, ಆದ್ದರಿಂದ ಮಕ್ಕಳಾಗುವುದಿಲ್ಲ ಅಂತ ಡಾಕ್ಟರ್ ಕಾಗದ ತರದ ಯಾವ ಹೆಂಗಸಿಗೂ ಸೀಸದ ವಿಭಾಗದಲ್ಲಿ ಕೆಲಸವಿಲ್ಲ ಅಂತ. ಸೀಸ ಗಂಡಸರ ವೀರ್ಯಕ್ಕೂ ಕೆಟ್ಟದ್ದೇ, ಅವರನ್ನು ಮಾತ್ರ ಯಾರೂ ಕೇಳಲಿಲ್ಲ. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿಯಮವನ್ನು ತಳ್ಳಿಹಾಕಿತು. ಜೀನ್ ನೋಡಿ ಕೆಲಸದಿಂದ ತೆಗೆಯಬಾರದು ಅನ್ನುವ ಕಾನೂನೂ ಅಲ್ಲಿ 2008ರಲ್ಲಿ ಬಂತು.

ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆಯಲ್ಲಿ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ ಇತ್ತು. ಅದರಲ್ಲಿ ಮೊದಲ ಹೆಸರೇ ಸೀಸದ ವಿಷ. 1923ರ ಪರಿಹಾರ ಕಾಯ್ದೆಯ ಪಟ್ಟಿಯಲ್ಲೂ ಅದು ಇತ್ತು. ಅಂದರೆ ನಿಮ್ಮಣ್ಣನ ಹೊಟ್ಟೆನೋವು "ಮೈಗೆ ಆಗಿಬಾರದ್ದು" ಅಲ್ಲ, ಕೆಲಸ ತಂದಿಟ್ಟ ಕಾಯಿಲೆ ಅಂತ ಕಾನೂನು ಬಹಳ ಹಿಂದೆಯೇ ಒಪ್ಪಿಕೊಂಡಿದೆ. ರಿಪೋರ್ಟ್, ಚೀಟಿ ಎಲ್ಲ ಜೋಪಾನ ಮಾಡಿ ಇಟ್ಟುಕೊಳ್ಳಿ. ಮಾಲೀಕರ ಜೊತೆ ಜಗಳ ಬೇಡ, ಆದರೆ ಈ ಮಾತು ನಿಮಗೆ ಗೊತ್ತಿರಲಿ. ಅಣ್ಣನನ್ನು ತೆಗೆದು ಆ ಜಾಗಕ್ಕೆ ಇನ್ನೊಬ್ಬ ಹುಡುಗನನ್ನು ಕೂರಿಸಿದರೆ, ಮುಂದಿನ ವರ್ಷ ಅವನ "ಮೈಗೂ ಆಗಿಬರುವುದಿಲ್ಲ".

ಅಂಗಡಿಯಲ್ಲಿ ಮಾಡಬೇಕಾದ್ದು ದೊಡ್ಡ ಖರ್ಚಿನದ್ದಲ್ಲ. ಪೊರಕೆ ಎಸೆಯಿರಿ, ನೆಲಕ್ಕೆ ಒದ್ದೆ ಬಟ್ಟೆ ಹಿಡಿಯಿರಿ. ಗಾಳಿ ಪೈಪ್ ಹಿಡಿದು ಧೂಳು ಊದುವುದಂತೂ ಬೇಡವೇ ಬೇಡ. ಸೀಸ ಕರಗಿಸುವ ಮೂಲೆಗೆ ಹೊಗೆ ಹೊರಗೆ ಎಳೆಯುವ ಫ್ಯಾನ್ ಕೂರಿಸಿ. ಫ್ಯಾನ್ ನಿಮ್ಮ ಮುಖ ಮತ್ತು ಹೊಗೆಯ ನಡುವೆ ಬರಬಾರದು, ಹೊಗೆಯ ಆಚೆ ಬದಿಗಿರಬೇಕು. ತಿನ್ನುವ ಜಾಗ ಬೇರೆ. ಕವಳದ ಸಂಚಿ ಅಂಗಡಿಯ ಒಳಗೆ ಬರಬಾರದು. ಕೆಲವು ಕಡೆ ಸಂಜೆ ಕೆಲಸಗಾರರಿಗೆ ಬೆಲ್ಲ, ಬಾಳೆಹಣ್ಣು, ಹಾಲು ಕೊಡುತ್ತಾರೆ, ಧೂಳು ತೊಳೆದು ಹೋಗುತ್ತದೆ ಅಂತ. ಹಾಲು ಕುಡಿಯಿರಿ, ಕ್ಯಾಲ್ಸಿಯಂ ಒಳ್ಳೆಯದೇ. ಆದರೆ ಬೆಲ್ಲ ಸೀಸವನ್ನು ತೊಳೆಯುವುದಿಲ್ಲ. ಸೀಸ ಹೊರಗೆ ಹಾಕುವ ಔಷಧಿ ಕೇಳಿಕೊಂಡು ಹೋಗಬೇಡಿ. ಅದು ಅಂಕಿ ಬಹಳ ಏರಿದವರಿಗೆ, ಆಸ್ಪತ್ರೆಯ ಕಣ್ಗಾವಲಿನಲ್ಲಿ ಕೊಡುವಂಥದ್ದು. ಒಂದು ಕಡೆ ಸೀಸದಲ್ಲಿ ಕೆಲಸ, ಇನ್ನೊಂದು ಕಡೆ ಆ ಔಷಧಿ, ಅದು ಅಪಾಯದ ಆಟ.

ಇಷ್ಟೆಲ್ಲ ಬರೆದರೂ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಸಾಲು. ಮೂರು ವರ್ಷದ ಮಗು ನುಂಗಿದ ಸೀಸದಲ್ಲಿ ಅರ್ಧದಷ್ಟು ರಕ್ತ ಸೇರಬಹುದು. ನೀವು ಸಂಜೆ ಬಂದು ಅಂಗಡಿಯ ಪ್ಯಾಂಟಿನಲ್ಲೇ ಅವಳನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತೀರಿ ಅಂದುಕೊಳ್ಳುತ್ತೇನೆ, ಯಾರಾದರೂ ಕೂರಿಸಿಕೊಳ್ಳುತ್ತಾರೆ. ಆಮೇಲೆ ಆ ಬಟ್ಟೆ ಹೆಂಡತಿಯ ಕೈಗೆ, ಮನೆಯವರ ಬಟ್ಟೆ ಜೊತೆ ಅದೇ ಬಕೆಟಿಗೆ. ಇವತ್ತಿನಿಂದ ಬಟ್ಟೆ, ಚಪ್ಪಲಿ ಅಂಗಡಿಯಲ್ಲೇ ಬದಲಿಸಿ. ಒಗೆಯಲೇಬೇಕಾದರೆ ನೀವೇ, ಬೇರೆ ಬಕೆಟಿನಲ್ಲಿ ಒಗೆಯಿರಿ. ಕೊಡವಬೇಡಿ. ಸ್ನಾನ ಮಾಡಿದ ಮೇಲೆ ಮಗು. ಸೀಸ ಗರ್ಭಕ್ಕೆ ನೇರ ದಾಟುತ್ತದೆ, ಆದ್ದರಿಂದ ಹೆಂಡತಿಗೂ ಮಗಳಿಗೂ ಪರೀಕ್ಷೆ ಆಗಬೇಕು. ಮಕ್ಕಳಿಗೆ ಅಮೆರಿಕದಲ್ಲಿ 2021ರಿಂದ 3.5 ಮೈಕ್ರೋಗ್ರಾಂ ಬಂದರೇ ಮೂಲ ಹುಡುಕಲು ಶುರು ಮಾಡುತ್ತಾರೆ. ಇಷ್ಟರ ಒಳಗಿದ್ದರೆ ಸುರಕ್ಷಿತ ಅನ್ನುವ ಗೆರೆಯೇ ಇಲ್ಲ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಹೆಂಡತಿ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ತಪ್ಪಿಸಬಾರದು. ಅವರಿಗೆ ಅದು ಬರೀ ಬಸಿರಿನ ಮಾತ್ರೆ ಅಲ್ಲ.

ಪರೀಕ್ಷೆಗೆ ರಕ್ತವನ್ನು ತೋಳಿನ ನರದಿಂದಲೇ ಕೊಡಿ. ಬೆರಳು ಚುಚ್ಚಿ ತೆಗೆದರೆ ಬೆರಳಿಗೆ ಅಂಟಿದ ಸೀಸವೂ ಸೇರಿ ಅಂಕಿ ಸುಳ್ಳೇ ಏರುತ್ತದೆ. ನಮ್ಮ ಊರಿನ ಲ್ಯಾಬುಗಳು ಸಾಮಾನ್ಯವಾಗಿ ಸ್ಯಾಂಪಲ್ ಹೊರಗೆ ಕಳಿಸುತ್ತವೆ. ವರದಿಯಲ್ಲಿ ಮೈಕ್ರೋಗ್ರಾಂ ಡೆಸಿಲೀಟರಿಗೋ ಲೀಟರಿಗೋ ಅಂತ ನೋಡಿಕೊಳ್ಳಿ, ಹತ್ತು ಪಟ್ಟು ವ್ಯತ್ಯಾಸ. ನೀವಿಬ್ಬರೂ ನಾಲ್ಕು ವಾರ ಬಿಟ್ಟು, ಒಂದೇ ದಿನ, ಒಂದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ. ನನಗೆ ಬರೆಯುವಾಗ ಅಂಕಿಯ ಪಕ್ಕದಲ್ಲಿ, ಸೀಸ ಮುಟ್ಟಿದ ಕೊನೆಯ ದಿನ ಯಾವುದು ಅಂತ ತಪ್ಪದೆ ಬರೆಯಿರಿ.